ಆರ್ ಕಲಿತವರು ಪೈಥಾನ್ ಲೈಬ್ರರಿ ಬಳಸುವುದು ಹೇಗೆ? – ಸದಸ್ಯರ ಪಟ್ಟಿಯ ನೆಪದಲ್ಲಿ ಒಂದು ವಿವರಣೆ



ಈ ಸಲ ನಮ್ಮ ಸದಸ್ಯರ ಪಟ್ಟಿಯನ್ನು ಎರಡು ಲಿಪಿಗಳಲ್ಲಿ ಸಿದ್ಧಪಡಿಸುವ ಕೆಲಸ ನಡೆದಿದೆ. ಒಂದು ಕಾಲಂ ಕನ್ನಡದಲ್ಲಿ, ಪಕ್ಕದ ಕಾಲಂ ಆಯಾ ರಾಜ್ಯದ ಲಿಪಿಯಲ್ಲಿ. ಈ ಕೆಲಸಕ್ಕೆ ನೆರವಾಗಲು ಬಂದ ನಮ್ಮ ಮನೆಗಳ ಮಕ್ಕಳಲ್ಲಿ ಹಲವರು ಸಂಖ್ಯಾಶಾಸ್ತ್ರ, ವಾಣಿಜ್ಯ ಓದುವವರು. ಕಾಲೇಜಿನಲ್ಲಿ ಅವರಿಗೆ ಕಲಿಸಿದ್ದು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಆದರೆ ಲಿಪಿ ಬದಲಿಸುವ ಸಿದ್ಧ ಸಲಕರಣೆ ಹುಡುಕಿದಾಗ ಸಿಕ್ಕಿದ್ದು ಪೈಥಾನ್ ಭಾಷೆಯಲ್ಲಿ. "ಹಾಗಾದರೆ ಇನ್ನೊಂದು ಭಾಷೆಯನ್ನು ಮೊದಲಿನಿಂದ ಕಲಿಯಬೇಕೆ ಸಾರ್?" ಎಂದು ಕೇಳಿದರು.

ಬೇಕಾಗಿಲ್ಲ. ಒಂದು ಭಾಷೆಯೊಳಗೆ ಕುಳಿತುಕೊಂಡೇ ಇನ್ನೊಂದು ಭಾಷೆಯ ಸಲಕರಣೆಯನ್ನು ಕರೆದು ಕೆಲಸ ಮಾಡಿಸಿಕೊಳ್ಳಬಹುದು. ಅದು ಹೇಗೆ ನಡೆಯುತ್ತದೆ, ಎಲ್ಲಿ ಎಡವಟ್ಟಾಗುತ್ತದೆ, ನಮ್ಮಂಥ ಸಂಘಗಳು ಯಾವುದನ್ನು ಗಮನಿಸಬೇಕು ಎಂಬುದನ್ನು ಕಂಪ್ಯೂಟರ್ ಬಲ್ಲ ಮಕ್ಕಳಿಗೂ ಅವರಿಂದ ಕೆಲಸ ಮಾಡಿಸುವ ಹಿರಿಯರಿಗೂ ತಿಳಿಯುವಂತೆ ಇಲ್ಲಿ ಬರೆದಿದ್ದೇನೆ.

ಲೈಬ್ರರಿ ಎಂದರೆ ಏನು?

ಇಲ್ಲಿ ಲೈಬ್ರರಿ ಎಂದರೆ ಪುಸ್ತಕಾಲಯವಲ್ಲ. ಯಾರೋ ಬರೆದು, ಪರೀಕ್ಷಿಸಿ, ಎಲ್ಲರ ಬಳಕೆಗೆ ಬಿಟ್ಟ ಪ್ರೋಗ್ರಾಮುಗಳ ಕಟ್ಟು. ಕಚೇರಿಗಳಲ್ಲಿ ಅಚ್ಚಾದ ನಮೂನೆಗಳು ಇರುತ್ತವಲ್ಲ, ಹಾಗೆ. ಪ್ರತಿ ಸಲ ಅರ್ಜಿಯನ್ನು ಕೈಯಲ್ಲಿ ಬರೆಯುವ ಬದಲು ನಮೂನೆ ತೆಗೆದು ತುಂಬುತ್ತೇವೆ.

ಪೈಥಾನ್ ಭಾಷೆಯನ್ನು ನೆದರ್‌ಲೆಂಡ್ಸಿನ ಗೈಡೊ ವಾನ್ ರಾಸಮ್ 1991ರಲ್ಲಿ ಹೊರತಂದರು. ಅದರ ಸಾರ್ವಜನಿಕ ಭಂಡಾರದಲ್ಲಿ ಇಂದು 5 ಲಕ್ಷಕ್ಕೂ ಹೆಚ್ಚು ಇಂಥ ಕಟ್ಟುಗಳಿವೆ. ಆರ್ ಭಾಷೆ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಇವರ ಕೈಯಲ್ಲಿ ರೂಪುಗೊಂಡಿತು, ಅದರ 1.0 ಆವೃತ್ತಿ ಬಂದದ್ದು 2000ದಲ್ಲಿ. ಲೆಕ್ಕ, ಕೋಷ್ಟಕ, ನಕ್ಷೆಗಳಿಗೆ ಆರ್ ಬಹಳ ಅನುಕೂಲ. ಆದರೆ ಎಲ್ಲ ಸಲಕರಣೆಯೂ ಎಲ್ಲ ಭಾಷೆಯಲ್ಲಿ ಇರುವುದಿಲ್ಲ.

ನಮಗೆ ಬೇಕಾದದ್ದು ಅಕ್ಷರಮುಖ. ವಿನೋದ್ ರಾಜನ್ ಅವರು ರೂಪಿಸಿದ ಲಿಪಿ ಪರಿವರ್ತಕವಿದು. ಕನ್ನಡ, ಮಲಯಾಳಂ, ತೆಲುಗು, ತಮಿಳು, ದೇವನಾಗರಿ ಅಲ್ಲದೆ ಇನ್ನೂ ಹತ್ತಾರು ಲಿಪಿಗಳ ನಡುವೆ ಬರಹವನ್ನು ಬದಲಿಸುತ್ತದೆ. ಇದು ಪೈಥಾನ್ ಲೈಬ್ರರಿಯಾಗಿ ಸಿಗುತ್ತದೆ. ನಮ್ಮ ಪಟ್ಟಿ, ಲೆಕ್ಕ, ತಾಲ್ಲೂಕುವಾರು ವಿಂಗಡಣೆ ಎಲ್ಲವೂ ಆರ್‌ನಲ್ಲಿ ಇವೆ. ಇವೆರಡನ್ನು ಜೋಡಿಸುವುದೇ ಪ್ರಶ್ನೆ.

ಮೂರು ದಾರಿಗಳು

ಮೊದಲನೆಯದು, ಫೈಲಿನ ಮೂಲಕ. ಆರ್ ಒಂದು ಪಟ್ಟಿಯನ್ನು ಫೈಲಿಗೆ ಬರೆದಿಡುತ್ತದೆ. ಪೈಥಾನ್ ಬೇರೆಯಾಗಿ ಎದ್ದು ಅದನ್ನು ಓದಿ, ಬದಲಿಸಿ, ಮತ್ತೊಂದು ಫೈಲಿಗೆ ಬರೆಯುತ್ತದೆ. ಆರ್ ಅದನ್ನು ಓದಿಕೊಳ್ಳುತ್ತದೆ. ಟಪಾಲಿನಲ್ಲಿ ಕಡತ ಕಳಿಸಿ ತರಿಸಿಕೊಂಡ ಹಾಗೆ. ನಿಧಾನ, ಆದರೆ ಗೊಂದಲ ಕಡಿಮೆ. ವರ್ಷಕ್ಕೊಮ್ಮೆ ಮಾಡುವ ಕೆಲಸಕ್ಕೆ ಇಷ್ಟೇ ಸಾಕು.

ಎರಡನೆಯದು, ಅಂತರಜಾಲದ ಸೇವೆಯ ಮೂಲಕ. ಬೇರೆಲ್ಲೋ ಇರುವ ಕಂಪ್ಯೂಟರಿಗೆ ಹೆಸರುಗಳನ್ನು ಕಳಿಸಿ ಉತ್ತರ ತರಿಸಿಕೊಳ್ಳುವುದು. ಸುಲಭ ಹೌದು. ಆದರೆ ನಮ್ಮ ಪಟ್ಟಿಯಲ್ಲಿ ಹೆಸರಷ್ಟೇ ಅಲ್ಲ, ವಿಳಾಸ, ಫೋನ್ ನಂಬರ್, ಹುಟ್ಟಿದ ದಿನಾಂಕ ಎಲ್ಲ ಇರುತ್ತವೆ. ಸದಸ್ಯರು ಸಂಘವನ್ನು ನಂಬಿ ಕೊಟ್ಟ ವಿವರಗಳಿವು. ಗುರುತಿಲ್ಲದ ಜಾಲತಾಣದಲ್ಲಿ ಇಡೀ ಪಟ್ಟಿಯನ್ನು ಅಂಟಿಸುವುದು ಬೇಡವೇ ಬೇಡ.

ಮೂರನೆಯದು, ಒಂದೇ ಮನೆಯೊಳಗೆ ಇಬ್ಬರನ್ನೂ ಕೂರಿಸುವುದು. ಆರ್ ನಡೆಯುತ್ತಿರುವಾಗಲೇ ಅದರ ಒಳಗೆ ಪೈಥಾನನ್ನು ಎಬ್ಬಿಸಿ, ಮಾತಿಗೆ ಮಾತು ಎಂಬಂತೆ ಕೆಲಸ ಮಾಡಿಸುವುದು. ವಿವರ ನಮ್ಮ ಕಂಪ್ಯೂಟರಿನಿಂದ ಹೊರಗೆ ಹೋಗುವುದಿಲ್ಲ, ಫೈಲುಗಳ ಓಡಾಟವೂ ಇಲ್ಲ. ಮುಂದೆ ಹೇಳುವುದು ಈ ದಾರಿಯ ಬಗ್ಗೆ.

ಒಳಗೆ ನಡೆಯುವುದೇನು?

ನಾವು ನಿತ್ಯ ಬಳಸುವ ಪೈಥಾನ್ ಅನ್ನು ಬರೆದಿರುವುದು ಸಿ ಎಂಬ ಹಳೆಯ ಭಾಷೆಯಲ್ಲಿ. ಅದಕ್ಕಾಗಿ ಅದನ್ನು ಸಿಪೈಥಾನ್ ಎನ್ನುತ್ತಾರೆ. ಆರ್‌ನ ತಿರುಳಿನ ಬಹುಭಾಗವೂ ಸಿ ಮತ್ತು ಫೋರ್ಟ್ರಾನ್‌ನಲ್ಲಿದೆ. ಅಂದರೆ ಇಬ್ಬರಿಗೂ ಸಿ ಗೊತ್ತು. ಕಾಸರಗೋಡಿನ ಸಂತೆಯಲ್ಲಿ ಮನೆಯಲ್ಲಿ ಮಲಯಾಳಂ ಆಡುವವರೂ ಕನ್ನಡ ಆಡುವವರೂ ತುಳುವಿನಲ್ಲಿ ವ್ಯಾಪಾರ ಮುಗಿಸುವ ಹಾಗೆ, ಇವೆರಡೂ ಸಿ ಮೂಲಕ ವ್ಯವಹರಿಸುತ್ತವೆ.

ಪೈಥಾನ್ ಜೊತೆಗೆ ಅದರ ಇಡೀ ಯಂತ್ರವನ್ನು ಹೊಂದಿರುವ ಒಂದು ಹಂಚಿಕೊಳ್ಳಬಹುದಾದ ಫೈಲು ಬರುತ್ತದೆ. ವಿಂಡೋಸ್‌ನಲ್ಲಿ ಅದು ಡಿಎಲ್‌ಎಲ್ ರೂಪದಲ್ಲಿ, ಲಿನಕ್ಸ್‌ನಲ್ಲಿ ಎಸ್‌ಒ ರೂಪದಲ್ಲಿ ಇರುತ್ತದೆ. ಬೇರೊಂದು ಪ್ರೋಗ್ರಾಮು ಆ ಫೈಲನ್ನು ತನ್ನ ಮೆಮೊರಿಗೆ ಎಳೆದುಕೊಂಡು, "ಈ ಲೈಬ್ರರಿ ತೆರೆ, ಈ ಕೆಲಸ ಮಾಡು, ಫಲಿತಾಂಶ ಕೊಡು" ಎಂದು ಹೇಳಲು ಬೇಕಾದ ಸಿ ಆಜ್ಞೆಗಳನ್ನು ಪೈಥಾನ್ ಮಾಡಿದವರೇ ಒದಗಿಸಿದ್ದಾರೆ. ಈ ಆಜ್ಞೆಗಳನ್ನು ನಾವು ನೇರವಾಗಿ ಬರೆಯುವುದು ಕಷ್ಟ. ಅದಕ್ಕಾಗಿ ನಡುವೆ ಒಬ್ಬ ದುಭಾಷಿ ಇರುತ್ತಾನೆ.

ಆರ್‌ನಲ್ಲಿ ಆ ದುಭಾಷಿಯ ಹೆಸರು ರೆಟಿಕ್ಯುಲೇಟ್. ಆಗ್ನೇಯ ಏಷ್ಯಾದ ಜಾಲರಿ ಚಿತ್ತಾರದ ಹೆಬ್ಬಾವಿನ ಹೆಸರಿನಿಂದ ತೆಗೆದದ್ದು. ಪೈಥಾನ್ ಎಂದರೆ ಹೆಬ್ಬಾವು ತಾನೆ. ಆಗ ಆರ್‌ಸ್ಟುಡಿಯೋ ಎಂದಿದ್ದ, 2022ರಲ್ಲಿ ಪಾಸಿಟ್ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆಯವರು ಇದನ್ನು ರೂಪಿಸಿದರು. ಬಳಸಲು ಹಣ ಕೊಡಬೇಕಾಗಿಲ್ಲ.

ಕೆಲಸದ ಕ್ರಮ

ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಮಾಡಬೇಕು. ಎರಡು ಪದ ಇದ್ದಲ್ಲಿ ನಡುವೆ ಅಡಿಗೆರೆ ಬರುತ್ತದೆ.

1. ಆರ್ ಮತ್ತು ಪೈಥಾನ್ ಎರಡನ್ನೂ ಹಾಕಿಕೊಳ್ಳಿ. ಎರಡೂ 64 ಬಿಟ್‌ನವೇ ಆಗಿರಲಿ. ಒಂದು 32, ಇನ್ನೊಂದು 64 ಆದರೆ ಒಂದರೊಳಗೆ ಇನ್ನೊಂದು ಕೂರುವುದಿಲ್ಲ.

2. ಆರ್‌ನೊಳಗೆ ರೆಟಿಕ್ಯುಲೇಟ್ ಪ್ಯಾಕೇಜನ್ನು ಎಂದಿನಂತೆ ಸ್ಥಾಪಿಸಿ.

3. ಈ ಕೆಲಸಕ್ಕೆಂದೇ ಒಂದು ಪ್ರತ್ಯೇಕ ಪೈಥಾನ್ ಕೋಣೆ ಮಾಡಿ. ಇದಕ್ಕೆ ವರ್ಚುವಲ್ ಎನ್ವಿರಾನ್‌ಮೆಂಟ್ ಎನ್ನುತ್ತಾರೆ. ಒಂದು ಕೆಲಸದ ಲೈಬ್ರರಿಗಳು ಇನ್ನೊಂದು ಕೆಲಸದವುಗಳ ಜೊತೆ ಕಲಬೆರಕೆ ಆಗುವುದಿಲ್ಲ.

4. ಆ ಕೋಣೆಗೆ ಪೈ ಇನ್‌ಸ್ಟಾಲ್ ಆಜ್ಞೆಯಿಂದ ಅಕ್ಷರಮುಖವನ್ನು ತರಿಸಿ. ಅಂತರಜಾಲ ಬೇಕಾಗುವುದು ಈ ಸ್ಥಾಪನೆಯ ಹಂತಗಳಿಗೆ ಮಾತ್ರ.

5. ಇಂಪೋರ್ಟ್ ಆಜ್ಞೆಯಿಂದ ಅಕ್ಷರಮುಖದ ಟ್ರಾನ್ಸ್‌ಲಿಟರೇಟ್ ಎಂಬ ಭಾಗವನ್ನು ತೆರೆದು ಅದಕ್ಕೆ ಒಂದು ಹೆಸರಿಡಿ, 'ಲಿಪಿ' ಎಂದಿರಲಿ.

6. ಪೈಥಾನಿನಲ್ಲಿ ಚುಕ್ಕೆ ಹಾಕುವ ಕಡೆ ಆರ್‌ನಲ್ಲಿ ಡಾಲರ್ ಚಿಹ್ನೆ ಹಾಕುತ್ತೇವೆ. 'ಲಿಪಿ', ಡಾಲರ್, 'ಪ್ರೋಸೆಸ್' ಎಂದು ಬರೆದು ಆವರಣದಲ್ಲಿ ಮೂರು ವಿಷಯ ಕೊಡಬೇಕು: ಯಾವ ಲಿಪಿಯಿಂದ, ಯಾವ ಲಿಪಿಗೆ, ಯಾವ ಬರಹ.

ಇಷ್ಟೇ. ಬದಲಾದ ಹೆಸರು ಆರ್‌ನ ಸಾಮಾನ್ಯ ಅಕ್ಷರಮಾಲೆಯಾಗಿ ಕೈಗೆ ಬರುತ್ತದೆ. ಮುಂದಿನ ವಿಂಗಡಣೆ, ಎಣಿಕೆ, ಮುದ್ರಣವೆಲ್ಲ ಮಕ್ಕಳಿಗೆ ಗೊತ್ತಿರುವ ಆರ್‌ನಲ್ಲೇ ನಡೆಯುತ್ತವೆ.

ಸಾವಿರ ಹೆಸರುಗಳಿದ್ದರೆ ಒಂದೊಂದಾಗಿ ಕಳಿಸಬೇಡಿ. ಪ್ರತಿ ಸಲವೂ ದುಭಾಷಿ ಆಚೆ ಹೋಗಿ ಈಚೆ ಬರಬೇಕಾಗುತ್ತದೆ. ಹೆಸರುಗಳನ್ನೆಲ್ಲ ಸಾಲು ಸಾಲಾಗಿ ಸೇರಿಸಿ ಒಂದೇ ಬರಹ ಮಾಡಿ ಕಳಿಸಿ, ಬಂದ ಮೇಲೆ ಸಾಲಿನಂತೆ ಬಿಡಿಸಿಕೊಳ್ಳಿ. ಕಳಿಸಿದ ಸಾಲುಗಳೆಷ್ಟು, ಬಂದ ಸಾಲುಗಳೆಷ್ಟು ಎಂದು ತಾಳೆ ನೋಡುವುದು ಮಾತ್ರ ಕಡ್ಡಾಯ. ಒಂದು ಸಾಲು ತಪ್ಪಿದರೂ ಮುಂದಿನವರ ಹೆಸರು ಹಿಂದಿನವರ ವಿಳಾಸಕ್ಕೆ ಸೇರುತ್ತದೆ.

ದುಭಾಷಿ ಎಲ್ಲಿ ತಡವರಿಸುತ್ತಾನೆ?

ಎರಡೂ ಭಾಷೆಗಳಲ್ಲಿ ಸಂಖ್ಯೆ, ಅಕ್ಷರ, ಪಟ್ಟಿಗಳಿದ್ದರೂ ಅವುಗಳ ರೂಢಿ ಬೇರೆ ಬೇರೆ. ಮುಖ್ಯವಾದ ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು ಎಣಿಕೆ. ಆರ್ ಒಂದರಿಂದ ಎಣಿಸುತ್ತದೆ, ಪೈಥಾನ್ ಸೊನ್ನೆಯಿಂದ. ನೆಲಮಹಡಿ ಬಿಟ್ಟು ಅದರ ಮೇಲಿನದನ್ನು ಒಂದನೆಯ ಮಹಡಿ ಎನ್ನುವುದಿಲ್ಲವೇ, ಪೈಥಾನಿನ ಲೆಕ್ಕ ಹಾಗೆ. ಆರ್‌ನ ಪಟ್ಟಿಯಲ್ಲಿ 10ನೆಯದು ಪೈಥಾನಿಗೆ ಹೋದ ಮೇಲೆ 9.

ಎರಡನೆಯದು ಪೂರ್ಣಾಂಕ. ಆರ್‌ನಲ್ಲಿ ಸುಮ್ಮನೆ 5 ಎಂದು ಬರೆದರೆ ಅದು ದಶಮಾಂಶವುಳ್ಳ ಸಂಖ್ಯೆ, ಅಂದರೆ 5.0. ಪೂರ್ಣಾಂಕವನ್ನೇ ಕೇಳುವ ಪೈಥಾನ್ ಲೈಬ್ರರಿಗಳು ಇದನ್ನು ಒಪ್ಪದೆ ದೋಷ ತೋರಿಸುತ್ತವೆ. ಸಂಖ್ಯೆಯ ಮುಂದೆ ಇಂಗ್ಲಿಷಿನ ದೊಡ್ಡ ಎಲ್ ಅಕ್ಷರ ಸೇರಿಸಿದರೆ ಅದು ಪೂರ್ಣಾಂಕವಾಗುತ್ತದೆ.

ಮೂರನೆಯದು ಒಂಟಿ ಹೆಸರು. ಇದನ್ನು ಎಲ್ಲರೂ ಗಮನಿಸಬೇಕು. ಆರ್‌ನಲ್ಲಿ ಹತ್ತು ಹೆಸರುಗಳ ಸಾಲನ್ನು ಕಳಿಸಿದರೆ ಪೈಥಾನಿಗೆ ಅದು ಹತ್ತು ಹೆಸರುಗಳ ಪಟ್ಟಿಯಾಗಿ ತಲುಪುತ್ತದೆ. ಆದರೆ ಸಾಲಿನಲ್ಲಿ ಒಂದೇ ಹೆಸರಿದ್ದರೆ ಅದು ಪಟ್ಟಿಯಾಗಿ ಹೋಗದೆ ಬರೀ ಹೆಸರಾಗಿ ಹೋಗುತ್ತದೆ. ಆಚೆಗಿನ ಪ್ರೋಗ್ರಾಮು "ಪಟ್ಟಿಯಲ್ಲಿ ಇರುವವರನ್ನು ಒಬ್ಬೊಬ್ಬರಾಗಿ ತೆಗೆದುಕೋ" ಎಂದು ಬರೆದಿದ್ದರೆ, ಅದು ಒಂದೊಂದು ಅಕ್ಷರವನ್ನು ಒಬ್ಬೊಬ್ಬ ಸದಸ್ಯ ಎಂದು ಎಣಿಸುತ್ತದೆ. 'ರಮೇಶ' ಎಂಬ ಒಬ್ಬನೇ ಸದಸ್ಯನಿರುವ ಹಳ್ಳಿಯಲ್ಲಿ ರ, ಮ, ಏತ್ವದ ಚಿಹ್ನೆ, ಶ ಎಂದು ನಾಲ್ವರು ಸದಸ್ಯರಾಗುತ್ತಾರೆ. ದೊಡ್ಡ ಊರುಗಳ ಪಟ್ಟಿಯಲ್ಲಿ ಈ ದೋಷ ಕಾಣಿಸುವುದೇ ಇಲ್ಲ. ಒಬ್ಬರೇ ಸದಸ್ಯರಿರುವ ಊರಿನಲ್ಲಿ ಮಾತ್ರ ಕಾಣಿಸುತ್ತದೆ. ಕಳಿಸುವ ಮೊದಲು 'ಲಿಸ್ಟ್' ಎಂದು ಸ್ಪಷ್ಟವಾಗಿ ಗುರುತಿಸಿ ಕಳಿಸಿದರೆ ತೊಂದರೆಯಿಲ್ಲ.

ನಾಲ್ಕನೆಯದು ಖಾಲಿ ಜಾಗ. "ವಿವರ ಲಭ್ಯವಿಲ್ಲ" ಎನ್ನುವುದಕ್ಕೆ ಆರ್‌ನಲ್ಲಿ ಒಂದು ಗುರುತು, ಪೈಥಾನಿನಲ್ಲಿ ಬೇರೆ ಗುರುತುಗಳು. ಖಾಲಿ ಇರುವ ಸಾಲುಗಳನ್ನು ಮೊದಲೇ ಬೇರೆ ತೆಗೆದಿಟ್ಟು, ಉಳಿದವನ್ನು ಕಳಿಸಿ, ಆಮೇಲೆ ಅದೇ ಸ್ಥಾನಕ್ಕೆ ಸೇರಿಸುವುದು ಕ್ಷೇಮ.

ಇನ್ನೊಂದು ಮಾತು. ಆರ್ ಒಮ್ಮೆ ಒಂದು ಪೈಥಾನನ್ನು ಎಬ್ಬಿಸಿದರೆ ಆ ಕೂರಿಕೆ ಮುಗಿಯುವವರೆಗೆ ಅದೇ ಪೈಥಾನ್. ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಪೈಥಾನ್ ಇರುವುದು ಸಾಮಾನ್ಯ. "ಈಗಷ್ಟೇ ಸ್ಥಾಪಿಸಿದ ಲೈಬ್ರರಿ ಸಿಗುತ್ತಿಲ್ಲ" ಎಂಬ ದೂರಿಗೆ ಅನೇಕ ಸಲ ಇದೇ ಕಾರಣ: ಸ್ಥಾಪಿಸಿದ್ದು ಒಂದರಲ್ಲಿ, ಎದ್ದಿರುವುದು ಇನ್ನೊಂದು. ಪೈ ಕಾನ್ಫಿಗ್ ಎಂಬ ಆಜ್ಞೆ ಎದ್ದಿರುವುದು ಯಾವುದೆಂದು ತೋರಿಸುತ್ತದೆ. ಬದಲಿಸಬೇಕಿದ್ದರೆ ಆರ್ ಅನ್ನು ಮುಚ್ಚಿ ತೆರೆಯಬೇಕು. ಆಚೆ ಪೈಥಾನಿನಲ್ಲಿ ದೋಷವಾದರೆ ಪೈ ಲಾಸ್ಟ್ ಎರರ್ ಎಂಬ ಆಜ್ಞೆ ಕೊನೆಯ ದೋಷದ ಪೂರ್ತಿ ವಿವರ ಕೊಡುತ್ತದೆ.

ಕನ್ನಡ ಅಕ್ಷರಗಳ ಸಂಗತಿ

ಪೈಥಾನಿನ 3ನೆಯ ಆವೃತ್ತಿಯಿಂದ ಅದರ ಎಲ್ಲ ಬರಹವೂ ಯೂನಿಕೋಡ್. ಆರ್ ವಿಂಡೋಸ್‌ನಲ್ಲಿ ಬಹಳ ಕಾಲ ಬೇರೆ ಸಂಕೇತ ಬಳಸುತ್ತಿತ್ತು, ಕನ್ನಡ ಅಕ್ಷರದ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತಿದ್ದವು. 2022ರಲ್ಲಿ ಬಂದ ಆರ್ 4.2 ಆವೃತ್ತಿಯಿಂದ, ಹೊಸ ವಿಂಡೋಸ್‌ಗಳಲ್ಲಿ ಈ ತೊಡಕು ಬಹುಮಟ್ಟಿಗೆ ತೀರಿದೆ. ಆದ್ದರಿಂದ ಹಳೆಯ ಆರ್ ಇದ್ದವರು ಹೊಸದನ್ನು ಹಾಕಿಕೊಳ್ಳಿ.

ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪಟ್ಟಿಗಳು ಹಲವು ಘಟಕಗಳಲ್ಲಿವೆ. ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಪಾಲಿಗೆ ಅವು ಇಂಗ್ಲಿಷ್ ಅಕ್ಷರಗಳೇ. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಓದಿ ನೋಡಿ, ಆಮೇಲೆ ಮುಂದಿನ ಕೆಲಸ.

ಯೂನಿಕೋಡಿನಲ್ಲೂ ಒಂದು ಸೂಕ್ಷ್ಮವಿದೆ. 'ಸ್ತ್ರೀ' ಎಂಬುದು ನಮಗೆ ಒಂದು ಅಕ್ಷರ, ಕಂಪ್ಯೂಟರಿಗೆ ಆರು ಸಂಕೇತ: ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೆ ಆ ಚಿಹ್ನೆ, ರ, ಈತ್ವ. ಆ ಈತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಇತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಹೋಲಿಸಿ ನೋಡಿದರೆ ಮಾತ್ರ ಕಂಪ್ಯೂಟರ್ "ಇವು ಬೇರೆ ಬೇರೆ ಹೆಸರು" ಎನ್ನುತ್ತದೆ. ಒಬ್ಬರೇ ಸದಸ್ಯರು ಪಟ್ಟಿಯಲ್ಲಿ ಎರಡು ಸಲ ಬರುವುದಕ್ಕೆ ಇದೂ ಒಂದು ಕಾರಣ. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಕ್ರಮಕ್ಕೆ ನಾರ್ಮಲೈಸೇಷನ್ ಎನ್ನುತ್ತಾರೆ. ಪೈಥಾನಿನ ಜೊತೆಯಲ್ಲೇ ಬರುವ ಯೂನಿಕೋಡ್‌ಡೇಟಾ ಎಂಬ ಲೈಬ್ರರಿ ಇದನ್ನು ಮಾಡುತ್ತದೆ. ಅದನ್ನೂ ಇದೇ ದುಭಾಷಿಯ ಮೂಲಕ ಕರೆಯಬಹುದು.

ಯಂತ್ರ ಮಾಡಲಾಗದ ಕೆಲಸ

ಲಿಪಿ ಬದಲಾವಣೆಯಲ್ಲಿ ಎಲ್ಲ ಗಡಿಗಳೂ ಒಂದೇ ಅಲ್ಲ. ತೆಲುಗು, ಮಲಯಾಳಂ ಲಿಪಿಗಳು ಕನ್ನಡಕ್ಕೆ ಬಹುಪಾಲು ಅಕ್ಷರಕ್ಕೆ ಅಕ್ಷರ ಹೊಂದುತ್ತವೆ. ಆದೋನಿ, ಮಡಕಶಿರಾ, ಕಾಸರಗೋಡಿನ ಪಟ್ಟಿಗಳನ್ನು ಆಚೆ ಬದಲಿಸಿ ಈಚೆ ತಂದರೂ ಹೆಸರು ಹೆಚ್ಚಾಗಿ ಹಾಗೆಯೇ ಉಳಿಯುತ್ತದೆ.

ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಪ ವರ್ಗ, ತ ವರ್ಗಗಳಲ್ಲೂ ಹಾಗೆಯೇ. ಹೊಸೂರು, ತಾಳವಾಡಿಯಲ್ಲಿ ತಮಿಳಿನಲ್ಲಿ ಬರೆದ 'ಗೌರಮ್ಮ'ನನ್ನು ಮರಳಿ ಕನ್ನಡಕ್ಕೆ ತಂದರೆ 'ಕೌರಮ್ಮ' ಆಗಬಹುದು, 'ಭೀಮಪ್ಪ' 'ಪೀಮಪ್ಪ'ನಾಗಬಹುದು. ತಮಿಳು ಓದುವವರು ಸಂದರ್ಭ ನೋಡಿ ಸರಿಯಾಗಿಯೇ ಉಚ್ಚರಿಸುತ್ತಾರೆ. ಅದು ಆ ಲಿಪಿಯ ಕೊರತೆಯಲ್ಲ. ಆದರೆ ಯಂತ್ರಕ್ಕೆ ಆ ಸಂದರ್ಭ ಗೊತ್ತಿರುವುದಿಲ್ಲ.

ಮರಾಠಿ ಬರವಣಿಗೆಯಲ್ಲಿ ಎ, ಏ ಎರಡಕ್ಕೂ ಒ, ಓ ಎರಡಕ್ಕೂ ಬೇರೆ ಅಕ್ಷರ ಬಳಸುವ ರೂಢಿಯಿಲ್ಲ. ಕೊನೆಯ ಅಕಾರವನ್ನು ಉಚ್ಚರಿಸದ ಕಾರಣ 'ಅಪ್ಪ' ಎಂಬಲ್ಲಿ 'ಅಪ್ಪಾ' ಎಂದು ಬರೆಯುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ 'ಕೆಂಪಣ್ಣ' ದೇವನಾಗರಿಯ ದಾಖಲೆಯಿಂದ ಮರಳುವಾಗ 'ಕೇಂಪಣ್ಣಾ' ಆಗಿ ಬರುತ್ತಾನೆ.

ಒಮ್ಮೆ ಕಳೆದುಹೋದ ವ್ಯತ್ಯಾಸವನ್ನು ಯಾವ ಲೈಬ್ರರಿಯೂ ತಂದುಕೊಡಲಾರದು. ಅದಕ್ಕಾಗಿ ಎಲ್ಲ ಘಟಕಗಳೂ ಒಂದು ನಿಯಮ ಪಾಲಿಸಬೇಕೆಂದು ಕೋರುತ್ತೇನೆ. ಕನ್ನಡ ಕಾಲಂ ಮೂಲ ಪ್ರತಿ. ಅದನ್ನು ಮನೆಯವರನ್ನು ಕೇಳಿ ಕೈಯಿಂದಲೇ ತುಂಬಬೇಕು. ಬೇರೆ ಲಿಪಿಯ ಕಾಲಂ ಅದರಿಂದ ತೆಗೆದ ನಕಲು. ನಕಲಿನಿಂದ ಮೂಲವನ್ನು ತಿದ್ದುವುದು ಕೂಡದು. ರೇಷನ್ ಕಾರ್ಡು, ಶಾಲಾ ದಾಖಲೆಯಲ್ಲಿ ಹೆಸರು ಬೇರೆ ರೀತಿ ಇದ್ದರೆ, ಅದು ಹೇಗಿದೆಯೋ ಹಾಗೆಯೇ ಮೂರನೆಯ ಕಾಲಮಿನಲ್ಲಿ ಬರೆಯಿರಿ. ಯಂತ್ರ ಕೊಟ್ಟದ್ದನ್ನು ದಾಖಲೆಯ ಹೆಸರೆಂದು ಯಾರೂ ಅರ್ಜಿಯಲ್ಲಿ ಬರೆಯಬಾರದು. ಹೆಸರಿನ ಒಂದಕ್ಷರ ತಪ್ಪಿದರೆ ಎಷ್ಟು ಕಚೇರಿ ಅಲೆಯಬೇಕು ಎಂಬುದನ್ನು ಗಡಿಯಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಬೇರೆ ಭಾಷೆ ಕಲಿತವರಿಗೆ

ಆರ್ ಒಂದಕ್ಕೇ ಈ ಅನುಕೂಲ ಎಂದಲ್ಲ. ಜೂಲಿಯಾ ಭಾಷೆಯಲ್ಲಿ ಪೈಕಾಲ್ ಮತ್ತು ಪೈಥಾನ್‌ಕಾಲ್ ಎಂಬ ಎರಡು ದುಭಾಷಿಗಳಿವೆ. ರೂಬಿಯಲ್ಲೂ ಪೈಕಾಲ್ ಎಂಬ ಹೆಸರಿನದೇ ಒಂದಿದೆ. ರಸ್ಟ್‌ಗೆ ಪೈಓತ್ರೀ, ಸಿ++ಗೆ ಪೈಬೈಂಡ್11, ಡಾಟ್‌ನೆಟ್‌ಗೆ ಪೈಥಾನ್ ಡಾಟ್‌ನೆಟ್, ಸ್ವಿಫ್ಟ್‌ಗೆ ಪೈಥಾನ್‌ಕಿಟ್, ಜಾವಾಕ್ಕೆ ಜೆಪ್. ಇವೆಲ್ಲವೂ ಮೇಲೆ ಹೇಳಿದಂತೆ ಸಿ ಮೂಲಕವೇ ಪೈಥಾನನ್ನು ಮಾತಾಡಿಸುತ್ತವೆ. ಹಳೆಯ ಜೈಥಾನ್ ಹಾಗಲ್ಲ. ಅದು ಜಾವಾದಲ್ಲೇ ಬರೆದ ಬೇರೊಂದು ಪೈಥಾನ್, 2.7ಕ್ಕೆ ನಿಂತಿದೆ. ಇಂದಿನ ಲೈಬ್ರರಿಗಳಿಗೆ ಅದು ಆಗುವುದಿಲ್ಲ.

ಎಕ್ಸೆಲ್ ಮಾತ್ರ ಬಲ್ಲ ಹಿರಿಯರು ಕೇಳಬಹುದು, ನಮಗೇನಿದೆ ಎಂದು. ಎಕ್ಸೆಲ್‌ನ ಹೊಸ ಆವೃತ್ತಿಗಳಲ್ಲಿ ಪೈಥಾನ್ ಬರೆಯಬಹುದು. ಆದರೆ ಅದು ನಡೆಯುವುದು ಮೈಕ್ರೋಸಾಫ್ಟ್ ಕಂಪನಿಯ ಕಂಪ್ಯೂಟರುಗಳಲ್ಲಿ, ನಮ್ಮ ಮೇಜಿನ ಮೇಲಲ್ಲ. ಅವರು ಕೊಟ್ಟ ಲೈಬ್ರರಿಗಳನ್ನಷ್ಟೇ ಬಳಸಬಹುದು. ಲಿಬ್ರೆ ಆಫೀಸ್‌ನ ಕ್ಯಾಲ್ಕ್‌ನಲ್ಲಿ ಪೈಥಾನ್ ಮ್ಯಾಕ್ರೋಗಳು ನಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತವೆ, ಖರ್ಚೂ ಇಲ್ಲ.

ಒಂದು ಮಿತಿಯನ್ನೂ ಹೇಳಬೇಕು. ಸಾಮಾನ್ಯ ಪೈಥಾನ್ ಒಂದು ಹೊತ್ತಿಗೆ ಒಬ್ಬನಿಗೆ ಮಾತ್ರ ಕೆಲಸ ಮಾಡಲು ಬಿಡುವ ಬೀಗವನ್ನು ಒಳಗೆ ಇಟ್ಟುಕೊಂಡಿದೆ. 2024ರ ಅಕ್ಟೋಬರಿನಲ್ಲಿ ಬಂದ 3.13ರಲ್ಲಿ ಆ ಬೀಗವಿಲ್ಲದ ರೂಪವನ್ನು ಪ್ರಯೋಗಕ್ಕಾಗಿ ಬಿಟ್ಟರು. ದೊಡ್ಡ ಲೆಕ್ಕಗಳಿಗೆ ಇದು ಮುಖ್ಯ, ನಮ್ಮ ಪಟ್ಟಿಗಳಿಗೆ ಯಾವ ವ್ಯತ್ಯಾಸವೂ ಆಗದು.

ಘಟಕಗಳಿಗೆ ಸೂಚನೆ

ಪಟ್ಟಿಯ ಕೆಲಸ ಮಾಡುವ ಯುವಕ ಯುವತಿಯರು ಯಾವ ಆರ್, ಯಾವ ಪೈಥಾನ್, ಅಕ್ಷರಮುಖದ ಯಾವ ಆವೃತ್ತಿ ಬಳಸಿದರೆಂದು ಒಂದು ಹಾಳೆಯಲ್ಲಿ ಬರೆದು ಪಟ್ಟಿಯ ಜೊತೆ ಇಡಬೇಕು. ಅವರು ಓದು ಮುಗಿಸಿ ಬೇರೆ ಊರಿಗೆ ಹೋದ ಮೇಲೆ ಮುಂದಿನವರಿಗೆ ಅದೇ ಆಧಾರ. ಬದಲಿಸಿದ ಪ್ರತಿ ಪುಟವನ್ನೂ ಎರಡು ಲಿಪಿ ಓದಬಲ್ಲ ಹಿರಿಯರೊಬ್ಬರು ಓದಿ ಸಹಿ ಹಾಕಬೇಕು. ಇಂಥ ಹಿರಿಯರು ನಮ್ಮ ಗಡಿ ಊರುಗಳಲ್ಲಿ ಬೇಕಾದಷ್ಟು ಇದ್ದಾರೆ. ಎರಡು ಲಿಪಿ ಬಲ್ಲವರು ಇರುವುದೇ ಗಡಿಯ ಊರಿನ ಆಸ್ತಿ.

ಕಂಪ್ಯೂಟರ್ ಇಲ್ಲದ ಘಟಕಗಳು ಕನ್ನಡ ಕಾಲಂ ಮಾತ್ರ ಕೈಬರಹದಲ್ಲಿ, ಬಿಡಿಸಿ ಓದಲು ಬರುವಂತೆ ತುಂಬಿ ಕಳಿಸಿದರೆ ಸಾಕು. ಪ್ರಶ್ನೆಗಳಿದ್ದವರು ಮುಂದಿನ ಮಾಸಿಕ ಸಭೆಗೆ ತಮ್ಮ ಪಟ್ಟಿಯ ನಕಲನ್ನು ಪೆನ್‌ಡ್ರೈವಿನಲ್ಲಿ ತರಬೇಕಾಗಿ ವಿನಂತಿ. ಫೋನ್ ನಂಬರ್, ವಿಳಾಸದ ಕಾಲಂ ತೆಗೆದು, ಹೆಸರುಗಳನ್ನು ಮಾತ್ರ ತನ್ನಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ